ಹೊಗೆಯಲ್ಲಿ ಕಂಡ ಉಸಿರು

ನಮ್ಮ ಅಗ್ನಿಶಾಮಕ ಠಾಣೆಗೆ ಶಾಖ ನೋಡುವ ಕ್ಯಾಮೆರಾ ಬಂದ ದಿನದಿಂದ ನಾನು ಅದನ್ನು ಯಾರ ಕೈಗೂ ಕೊಟ್ಟವನಲ್ಲ. ದೊಡ್ಡ ಟಾರ್ಚಿನಷ್ಟು ಇದೆ, ಹಿಂದೆ ಅಂಗೈಯಗಲದ ಪರದೆ. ಕತ್ತಲಿರಲಿ, ಹೊಗೆಯಿರಲಿ, ಬಿಸಿಯಾದದ್ದೆಲ್ಲ ಅದರಲ್ಲಿ ಬಿಳಿ, ತಣ್ಣಗಿರುವುದೆಲ್ಲ ಕಪ್ಪು. ಮನುಷ್ಯನೂ ಬಿಳಿಯಾಗಿಯೇ ಕಾಣುತ್ತಾನೆ. ತಂಡದ ಹಿರಿಯರೊಬ್ಬರಿಗೆ ಮಾತ್ರ ಅದರ ಮೇಲೆ ನಂಬಿಕೆಯಿರಲಿಲ್ಲ. ಗೋಡೆ ಹಿಡಿದು, ನೆಲ ತಡವುತ್ತ ಹೋಗಿ ಜನರನ್ನು ಎಳೆದು ತಂದವರು ಅವರು. "ಟಿವಿ ನೋಡೂಕೆ ಸರ್ಕಾರ ನಿಂಗೆ ಸಂಬಳ ಕೊಡ್ತದಾ?" ಎಂದು ಕಾಲೆಳೆಯುತ್ತಿದ್ದರು. ಕಾರವಾರದ ಪಕ್ಕದ ಕದ್ವಾಡದವನಾದ ನನ್ನ ಬಾಯಿ ಸುಮ್ಮನಿರುವ ಪೈಕಿಯಲ್ಲ. "ನೋಡ್ತಾ ಇರಿ" ಎನ್ನುತ್ತಿದ್ದೆ, ಸಿಟ್ಟು ನುಂಗಿಕೊಂಡು.

ಒಂದು ಬೆಳಗ್ಗೆ ಕರೆ ಬಂತು. ಕಾರವಾರದ ಹೆದ್ದಾರಿ ಸುರಂಗದೊಳಗೆ ಹಾಸಿಗೆ ತುಂಬಿದ್ದ ಲಾರಿಗೆ ಬೆಂಕಿ ಬಿದ್ದಿತ್ತು. ಪಕ್ಕದ ಜೋಡಿ ಸುರಂಗದಿಂದ ಸುತ್ತಿ, ವಾಹನಗಳು ಒಳಹೊಗುವ ಬಿಣಗಾ ಕಡೆಯ ಬಾಯಿಗೆ ತಲುಪಿದಾಗ ಕರಿ ಹೊಗೆ ಉಕ್ಕಿ ಹೊರಗೆ ಬರುತ್ತಿತ್ತು. ತಪ್ಪಿಸಿಕೊಂಡು ಬಂದ ಜನರ ನಡುವೆ ಒಬ್ಬ ಟೆಂಪೊ ಚಾಲಕನನ್ನು ಇಬ್ಬರು ಗಟ್ಟಿಯಾಗಿ ಹಿಡಿದು ನಿಂತಿದ್ದರು. ಬೇಲೆಕೇರಿಯಿಂದ ಐಸಿನಲ್ಲಿಟ್ಟ ಬಂಗಡೆ ಮೀನು ಹೇರಿಕೊಂಡು ಅಕ್ಕನ ಜೊತೆ ಕಾರವಾರದ ಮಾರ್ಕೆಟ್ಟಿಗೆ ಹೊರಟಿದ್ದನಂತೆ.

"ಅಕ್ಕ ನನ್ ಹಿಂದೇ ಬಂತು ಅಂದ್ಕಂಡೆ ಸರ್! ಹೊರಗೆ ಬಂದು ನೋಡಿದ್ರೆ ಇಲ್ಲ! ಬಿಡ್ರೋ ನನ್ನ!"

ಲಾರಿಯ ಮುಂದಿದ್ದ ವಾಹನಗಳೆಲ್ಲ ಆಚೆ ಬದಿಗೆ ದಾಟಿಯಾಗಿದ್ದವು. ಹಾಗಾಗಿ ನಮ್ಮವರು ಹೊಸದಾಗಿ ಬಂದಿದ್ದ ಗಾಲಿಯ ಮೇಲಿನ ದೊಡ್ಡ ಫ್ಯಾನನ್ನು ಸುರಂಗದ ಬಾಯಿಗಿಟ್ಟು ಹೊಗೆಯನ್ನು ಆಚೆಗೆ ನೂಕತೊಡಗಿದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಆ ಹಿರಿಯರೂ ನಾನೂ ಒಳಹೊಕ್ಕೆವು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಪರದೆಯಲ್ಲಿ ಮಾತ್ರ ಎಲ್ಲ ಇತ್ತು: ದೂರದಲ್ಲಿ ಬೆಳ್ಳಗೆ ಉರಿಯುವ ಲಾರಿ, ಜನ ಬಿಟ್ಟುಹೋದ ಕಾರುಗಳು, ಅವುಗಳ ನಡುವೆ ರಸ್ತೆಯ ಮೇಲೆ ಹರಿದುಬಂದ ಒಂದು ಕಪ್ಪು ಗೆರೆ.

"ಐಸ್ ನೀರು!" ಎಂದು ಕೂಗಿದೆ. ಅದರ ಜಾಡು ಹಿಡಿದು ಹೋದರೆ ಟೆಂಪೊ ಸಿಕ್ಕಿತು.

ಸೀಟಿನಲ್ಲಿ ಯಾರೂ ಇಲ್ಲ. ಟೆಂಪೊದ ಕೆಳಗೂ ಇಲ್ಲ. ಕ್ಯಾಮೆರಾವನ್ನು ಸುತ್ತ ತಿರುಗಿಸಿದೆ, ಮನುಷ್ಯನಂಥ ಒಂದು ಬಿಳಿ ಆಕಾರವೂ ಕಾಣಲಿಲ್ಲ. ಗೋಡೆಯ ಬುಡದಲ್ಲಿ ಕಪ್ಪಗೊಂದು ಮೂಟೆಯಿತ್ತು, ಮೀನಿನದೇ ಇರಬೇಕೆಂದುಕೊಂಡೆ. ಹಿರಿಯರು ನನ್ನ ಭುಜ ತಟ್ಟಿ, "ಇಲ್ಲಿಲ್ಲ, ಮುಂದೆ ಹೋಗ್ವ" ಎಂದರು. ಮುಂದೆ ಇದ್ದದ್ದು ಬೆಂಕಿ. ಅತ್ತ ಹೋಗಿದ್ದರೆ ಆಕೆ ಬದುಕಿರುವ ಮಾತೇ ಇಲ್ಲ. ಹೊರಗೆ ಒದ್ದಾಡುತ್ತಿದ್ದ ಆಕೆಯ ತಮ್ಮನ ನೆನಪಾಗಿ ಕ್ಯಾಮೆರಾವನ್ನು ಇನ್ನೊಮ್ಮೆ ಸುತ್ತ ತಿರುಗಿಸಿದೆ.

ಆಗ ಆ ಮೂಟೆಯ ಅಂಚಿನಲ್ಲಿ ಒಂದು ಚುಕ್ಕೆ ಬೆಳ್ಳಗಾಯಿತು. ನಂತರ ಕಪ್ಪಾಯಿತು. ಮತ್ತೆ ಬೆಳ್ಳಗಾಯಿತು.

ಮೂಟೆ ಉಸಿರಾಡುತ್ತಿತ್ತು!

ಹೋಗಿ ಎತ್ತಿದರೆ ಐಸಿನ ಮೇಲೆ ಹೊದಿಸುವ ಒದ್ದೆ ಗೋಣಿ, ಅದರೊಳಗೆ ಮುದುಡಿಕೊಂಡ ಆ ಹೆಂಗಸು. ಓಡುವುದು ಬಿಟ್ಟು ಮೀನಿನ ಮೇಲೆ ತಾಡಪಾಲು ಎಳೆಯಲು ನಿಂತಿದ್ದಳೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೊಗೆ ಕವಿದು ದಾರಿ ತಪ್ಪಿ, ಕೈಗೆ ಸಿಕ್ಕ ಗೋಣಿ ಹೊದ್ದು ನೆಲಕ್ಕೆ ಮುಖ ಹಚ್ಚಿ ಮಲಗಿದ್ದಳು. ತಣ್ಣಗಿನ ಗೋಣಿಯೊಳಗಿದ್ದವಳು ಕ್ಯಾಮೆರಾಕ್ಕೆ ಹೇಗೆ ಬೆಳ್ಳಗೆ ಕಂಡಾಳು! ನಮ್ಮ ಬಳಿಯಿದ್ದ ಇನ್ನೊಂದು ಮಾಸ್ಕನ್ನು ಆಕೆಯ ಮುಖಕ್ಕೆ ಹಾಕಿದೆ. ಹಿರಿಯರು ಆಕೆಯನ್ನು ಹೆಗಲಿಗೇರಿಸಿದರು. "ನೀ ಮುಂದೆ ನಡಿ, ದಾರಿ ತೋರ್ಸು" ಎಂದರು. ಆ ಮಾತು ಕೇಳಿ, ಸುಳ್ಳೇಕೆ ಹೇಳಲಿ, ಮಾಸ್ಕಿನೊಳಗೇ ನಕ್ಕೆ.

ಬೆಳಕಿಗೆ ಬಂದಾಗ ಕಾದಿದ್ದ ಜನ ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಕೆಳಗಿಳಿಸಿ ಮಾಸ್ಕ್ ತೆಗೆದರೆ ಆಕೆ ತುಂಬ ಹೊತ್ತು ಕೆಮ್ಮಿದಳು. ಎದುರಿಗೆ ಓಡಿಬಂದ ತಮ್ಮನ ಕೆನ್ನೆಗೆ ಒಂದು ಬಿಗಿದಳು. "ತಿರುಗಿ ನೋಡೂಕೂ ಆಗ್ಲಿಲ್ವೇನೋ ನಿಂಗೆ!" ಎಂದು ಬೈಯುತ್ತಲೇ ಅಳತೊಡಗಿದಳು. ಅವನು ಅವಳನ್ನು ಬಿಗಿಯಾಗಿ ಅಪ್ಪಿಕೊಂಡ.

ನನ್ನ ಕೈಯಲ್ಲಿ ಕ್ಯಾಮೆರಾ ಇನ್ನೂ ಚಾಲೂ ಇತ್ತು. ಅವನು ಬಿಟ್ಟು ಹಿಂದೆ ಸರಿದ ಮೇಲೂ, ಅವಳ ಒದ್ದೆ ಸೀರೆಯ ಬೆನ್ನಿನ ಮೇಲೆ ಎರಡು ಅಂಗೈಗಳ ಗುರುತು ಬೆಳ್ಳಗೆ ಉಳಿದಿತ್ತು. ಅದು ಮಾಸುವ ತನಕ ನಾನು ನೋಡುತ್ತ ನಿಂತೆ.