ಮೊದಲ ಗುಟುಕು

ಇಸ್ತ್ರಿ ಅಂಗಡಿಯ ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಆದರೂ ದಿನಾ ಬೆಳಿಗ್ಗೆ, ಇಸ್ತ್ರಿಪೆಟ್ಟಿಗೆ ಕಾಯುವ ಮುಂಚೆ, ತಮ್ಮನ ಮಾತ್ರೆಯನ್ನು ಕಾಗದದಲ್ಲಿ ಮಡಿಸಿ, ಪೆಟ್ಟಿಗೆಯಿಂದಲೇ ಒತ್ತಿ ಪುಡಿ ಮಾಡಿ, ಅವನ ಚಹಾಕ್ಕೆ ಬೆರೆಸುತ್ತಿದ್ದಳು. ಇನ್ನೇನು ಮಾಡಿಯಾಳು, ಪಾಪ! ಡಾಕ್ಟರು ಅವನ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂದಿದ್ದರು. ಯಾರೂ ಇಲ್ಲದ ಕಡೆಯಿಂದ ಅವನಿಗೆ ದನಿ ಕೇಳುತ್ತಿತ್ತು. ಮಾತ್ರೆ ನುಂಗಿದರೆ ಇಸ್ತ್ರಿ ಹಾಕುವಾಗ ಕೈ ನಡುಗಿ ಅಂಗಿಯ ಕಾಲರು ಸುಡುತ್ತದೆಂದು ಬಿಟ್ಟುಬಿಟ್ಟಿದ್ದ.

"ನನ್ನ ಹೊಟ್ಟೆಗೆ ಯಾರೋ ಏನೋ ಹಾಕ್ತಿದಾರೆ ಅಕ್ಕ," ಎಂದು ಆಗಾಗ ತಟ್ಟೆ ತಳ್ಳುತ್ತಿದ್ದ.

"ನಿನ್ನ ತಲೆ! ಅಷ್ಟು ಪುರುಸೊತ್ತು ಯಾರಿಗಿದೆಯೋ?" ಎಂದು ಅವಳು ಗದರುತ್ತಿದ್ದಳು. ಗದರಿ ಗದರಿ ಅವಳಿಗೇ ಸಾಕುಸಾಕಾಗಿತ್ತು.

ಕೊನೆಗೊಂದು ದಿನ ಒಬ್ಬಳೇ ಹೋಗಿ ಡಾಕ್ಟರಮ್ಮನ ಮುಂದೆ ಎಲ್ಲ ಕಕ್ಕಿದಳು.

"ಕೈನಡುಕ ಕಮ್ಮಿ ಇರೋ ಔಷಧಿ ಇದೆಯಮ್ಮ. ದಿನಾ ಮಾತ್ರೆ ಬೇಡ ಅಂದ್ರೆ ತಿಂಗಳಿಗೊಂದು ಇಂಜೆಕ್ಷನ್ ಕೊಡಬಹುದು. ಆದ್ರೆ ನಿಮ್ಮ ತಮ್ಮನೇ ಒಪ್ಪಬೇಕು. ಕದ್ದು ಕೊಟ್ಟಿದ್ದನ್ನ ಮೊದಲು ಹೇಳಿಬಿಡಿ."

"ಹೇಳಿದ್ರೆ ನನ್ನ ಕೈಯಲ್ಲಿ ನೀರೂ ಮುಟ್ಟಲ್ಲ ಡಾಕ್ಟ್ರೇ."

"ಹೇಳದೆ ಎಷ್ಟು ದಿನ ನಡೆಸ್ತೀರಿ?"

ಭೂಮಿಯ ಮೇಲೆ ಅವನು ನಂಬುತ್ತಿದ್ದದ್ದು ಅವಳೊಬ್ಬಳನ್ನೇ.

ಸಂಜೆ ಇಬ್ಬರೂ ಹಾಸಿಗೆಯ ಹೊದಿಕೆ ಮಡಿಸುತ್ತಿದ್ದರು. ಎರಡು ಮೂಲೆ ಇವಳ ಕೈಯಲ್ಲಿ, ಎರಡು ಅವನ ಕೈಯಲ್ಲಿ. ಮಡಿಸಿ ಮುಗಿಯುವ ತನಕ ಯಾರೂ ಬಿಟ್ಟು ಹೋಗುವಂತಿಲ್ಲ.

"ಹಾಕ್ತಿದ್ದವಳು ನಾನೇ ಕಣೋ. ಚಹಾಕ್ಕೆ. ನಿನ್ನ ಮಾತ್ರೆ."

ಅವನು ಮೂಲೆ ಬಿಡಲಿಲ್ಲ.

"ಅಂದ್ರೆ ಅದು ನನ್ನ ತಲೆ ಕೆಟ್ಟಿದ್ದಲ್ಲ."

"ಅಲ್ಲ."

ಹತ್ತಿರ ಬಂದು ತನ್ನ ಮೂಲೆಗಳನ್ನು ಅವಳ ಕೈಗಿಟ್ಟು ಹೋಗಿ ಗೋಡೆಗೊರಗಿ ಕೂತ. ಅವಳಿಗೆ ಅಳಬೇಕೆನಿಸಿತು, ಅಳುವುದಕ್ಕೂ ತ್ರಾಣವಿರಲಿಲ್ಲ.

ಕೆಲವು ದಿನ ಅವಳು ಮಾಡಿದ್ದೇನನ್ನೂ ಮುಟ್ಟಲಿಲ್ಲ. ಬೇಕರಿಯ ಬನ್ನು ತಿಂದುಕೊಂಡಿದ್ದ. ತಿಂಗಳಿಗೊಂದು ಇಂಜೆಕ್ಷನ್ನಿನ ವಿಷಯವನ್ನು ಅವಳು ಒಮ್ಮೆ ಅವನ ಕಿವಿಗೆ ಹಾಕಿದ್ದಳು. ಆಮೇಲೆ ತಾನಾಗಿಯೇ ಹೇಳಿದ: "ಸೂಜಿಯಾದ್ರೆ ಕಣ್ಣಿಗೆ ಕಾಣುತ್ತೆ. ಚುಚ್ಚಲಿ. ಚಹಾ ಮಾತ್ರ ಇನ್ಮೇಲೆ ನಾನೇ ಮಾಡ್ತೀನಿ."

ಈಗ ದನಿಗಳ ಗಲಾಟೆ ಎಷ್ಟೋ ತಗ್ಗಿದೆ. ಕೈನಡುಕ ನಿಂತಿದೆ, ಕಾಲರುಗಳಿಗೆ ಅವನೇ ಇಸ್ತ್ರಿ ಹಾಕುತ್ತಾನೆ, ಒಂದೂ ಸುಕ್ಕಿರುವುದಿಲ್ಲ. "ನಿಮ್ಮ ತಮ್ಮ ಪೂರ್ತಿ ಹುಷಾರಾದ ಬಿಡಿ!" ಎಂದು ಗಿರಾಕಿಗಳು ಹೊಗಳುತ್ತಾರೆ. ಅವಳು ಹೂಂಗುಟ್ಟುತ್ತಾಳೆ.

ಬೆಳಿಗ್ಗೆ ಅವನು ಎರಡು ಲೋಟಕ್ಕೆ ಚಹಾ ಬಗ್ಗಿಸುತ್ತಾನೆ. ಹಾಲು, ಸಕ್ಕರೆ ತರುವವಳು ಅವಳೇ ತಾನೆ? ತನ್ನ ಲೋಟವನ್ನು ಅವಳ ಮುಂದೆ ತಳ್ಳುತ್ತಾನೆ.

"ನೀನು ಮೊದಲು ಕುಡಿ."

ಡಾಕ್ಟರಮ್ಮನ ಹತ್ತಿರ ಇದಕ್ಕೆ ಔಷಧಿ ಕೇಳುವ ಹಾಗಿಲ್ಲ. ಇದು ಕಾಯಿಲೆಯಲ್ಲ. ಅವಳು ಒಂದು ಗುಟುಕು ಕುಡಿದು, ಲೋಟ ಒರೆಸಿ, ಅವನ ಕಡೆ ಸರಿಸುತ್ತಾಳೆ.