ಮಾಲವಣದಲ್ಲಿ ಹೊತ್ತು ಮುಳುಗಿದ್ದು

ಶಿರಗುಪ್ಪಿಯ ಕಬ್ಬಿನ ನಡುವೆ ಬೆಳೆದ ನಮಗೆ ನೀರೆಂದರೆ ಕೃಷ್ಣಾ ಹೊಳೆ. ಎಪ್ಪತ್ತು ದಾಟಿದರೂ ಅವ್ವ ಸಮುದ್ರ ಕಂಡಿರಲಿಲ್ಲ. ತೋರಿಸುತ್ತೇನೆಂದು ನಾಲ್ಕು ಮಂದಿಯ ಮುಂದೆ ಕೊಚ್ಚಿಕೊಂಡವನು ನಾನು. ಹೋದ ಚಳಿಗಾಲದಲ್ಲಿ ಹೆಂಡತಿ, ಮಗಳು, ಅವ್ವ ಮೂವರನ್ನೂ ಕಾರಿನಲ್ಲಿ ಕೂರಿಸಿಕೊಂಡು ನಿಪ್ಪಾಣಿ ದಾಟಿ ಕೊಂಕಣದ ಹಾದಿ ಹಿಡಿದೆ.

ನಾವು ಜೈನರು. ಮನೆಯಲ್ಲಿ ಉಳಿದವರೆಲ್ಲ ಈಗ ಸಡಿಲಾಗಿದ್ದೇವೆ. ಅವ್ವ ಮಾತ್ರ ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ, ಗುಟುಕು ನೀರೂ ಕುಡಿಯುವುದಿಲ್ಲ.

ಘಟ್ಟದ ತಿರುವುಗಳಲ್ಲಿ ಅವಳಿಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ಮಧ್ಯಾಹ್ನ ಏನೂ ಸೇರಲಿಲ್ಲ. ಮಾಲವಣದ ಕಡಲ ದಂಡೆ ಮುಟ್ಟಿದಾಗ ಸಂಜೆ. ಅವ್ವ ಮರಳ ಮೇಲೆ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ.

"ಉಂಡಬಿಡ್ತೀನೋ ತಮ್ಮಾ. ಹೊತ್ತ ಇಳ್ಯಾಕತ್ತೈತಿ."

"ಇನ್ನಾ ಭಾಳ ಐತಿ, ತಡಿ ಬೇ. ಮೊದಲ ಫೋಟೋಕ್ಕ ಬಾ."

ಅವ್ವನ ಅಂಗೈಯಲ್ಲಿ ಸೂರ್ಯ ಕೂತಂತೆ ಫೋಟೋ ತೆಗೆಯುವ ಹುಚ್ಚು ನನಗೆ. ಕೈ ಮೇಲೆತ್ತು, ಕೆಳಗಿಳಿಸು, ಸೆರಗು ಸರಿ ಮಾಡಿಕೋ, ನಗು. ಅಲೆಗೆ ಹೆದರಿ ಹಿಂದೆ ಸರಿದರೆ ಗದರಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಬೇರೆಯವರಿಗೆಂದು ತಿಳಿದಿದ್ದೆ.

ನಮ್ಮಲ್ಲಿ ಹೊತ್ತು ಕಬ್ಬಿನ ಮರೆಗೆ ಹೋದರೂ ಒಂದು ಊಟ ಮುಗಿಸುವಷ್ಟು ಸಮಯ ಉಳಿದಿರುತ್ತದೆ. ನಾನು ಆ ಅಂದಾಜಿನಲ್ಲೇ ಇದ್ದೆ. ಕಡಲಿನಲ್ಲಿ ಕಬ್ಬಿನ ಮರೆ ಎಲ್ಲಿಯದು! ನೋಡನೋಡುತ್ತಲೇ ಹೊತ್ತು ನೀರಿಗೆ ಇಳಿದುಬಿಟ್ಟಿತು.

ಅಷ್ಟರಲ್ಲಿ ಅವ್ವ ಬುತ್ತಿಯ ಬಳಿ ಹೋಗಿ ಕೂತು ರೊಟ್ಟಿ ಮುರಿದಿದ್ದಳು. ಒಮ್ಮೆ ಪಡುವಣಕ್ಕೆ ನೋಡಿದಳು. ಮುರಿದ ತುಂಡನ್ನು ಹಾಗೇ ಅರಿವೆಯಲ್ಲಿಟ್ಟು ಗಂಟು ಕಟ್ಟಿದಳು.

"ಒಂದ ಗುಟುಕ ನೀರರ ಕುಡಿ ಬೇ. ಇನ್ನಾ ಬೆಳಕ ಐತೆಲ್ಲ," ಎಂದೆ. ಆಡಿದ ಕೂಡಲೇ ನನ್ನ ಮಾತಿಗೆ ನಾನೇ ನಾಚಿದೆ.

"ಇರ್ಲಿ ಬಿಡು. ಮುಂಜಾನೆ ಉಣ್ತೀನಿ."

ಹೆಂಡತಿ ನನ್ನನ್ನೊಮ್ಮೆ ನೋಡಿ ಬುತ್ತಿಯ ಗಂಟನ್ನು ಎತ್ತಿಕೊಂಡಳು. ಉಳಿದುಕೊಂಡ ಜಾಗದಲ್ಲಿ ನಾವು ಮೂವರೂ ಉಂಡೆವು. "ಆಯಿ ಯಾಕ ಉಣ್ಣವಲ್ಲಳು?" ಎಂದು ಮಗಳು ಅಜ್ಜಿಯತ್ತ ಕೈತೋರಿಸಿ ಕೇಳುತ್ತಲೇ ಇದ್ದಳು. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾದೀತು. ಇಳಿಯಿತು. ಇವತ್ತಿಗೂ ನೆನೆದರೆ ಮುಖ ಎತ್ತಲಾಗದಂತೆ ಮಾಡುವುದು ಅದೇ.

ಊರಿಗೆ ಮರಳಿದ ದಿನ ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಚಿಕ್ಕಮ್ಮ ಕಟ್ಟೆಗೆ ಬಂದು ಕೂತರು. ಅವರೂ ಅವ್ವನಂತೆಯೇ ನಿಯಮದವರು.

"ಸಮುದ್ರ ಹೆಂಗಿತ್ರಿ ವೈನಿ? ಊಟದ್ದ ಹೆಂಗ ಮಾಡಿದ್ರಿ? ಹೊತ್ತ ಮುಳುಗೂದ್ರಾಗ ಆತಿಲ್ರಿ?"

ನಾನು ಬಾಗಿಲಲ್ಲೇ ನಿಂತಿದ್ದೆ. ಅವ್ವ ಸುಳ್ಳಾಡಿದ್ದನ್ನು ಆವರೆಗೆ ನಾನು ಕೇಳಿರಲಿಲ್ಲ.

"ಆತೆವಾ," ಎಂದಳು ಅವಳು. "ನನ್ನ ಮಗಾನೇ ಮುಂದ ಕುಂತು ಉಣಿಸಿದ."