ಬೆನ್ನುಜ್ಜುವ ಜೊಮ್‌ಸುನಕ್ಕ

ಬೆಳಗಿನ ಐದು ಗಂಟೆ. ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿನ ಹಿಂಬೀದಿಯ ಸಾರ್ವಜನಿಕ ಸ್ನಾನದ ಮನೆಯಲ್ಲಿ ಹೆಂಗಸರ ಕಡೆಯ ದೊಡ್ಡ ತೊಟ್ಟಿಗೆ ಬಿಸಿನೀರು ಬೀಳುತ್ತಿದೆ. ಅರವತ್ತೇಳು ವರ್ಷದ ಛೆ ಜೊಮ್‌ಸುನ್ ಮೊಣಕೈ ಅದ್ದಿ ಹದ ನೋಡುತ್ತಾರೆ. ಹಸಿರು ಒರಟು ಕೈಗವಸು ತೊಟ್ಟು, ಬೆನ್ನುಜ್ಜಿಸಿಕೊಳ್ಳುವವರು ಮಲಗುವ ಮಂಚದ ಮೇಲೆ ನೀರು ಚೆಲ್ಲುತ್ತಾರೆ. ಮೊದಲು ಬರುವವರು ಮೀನು ಮಾರುಕಟ್ಟೆಯ ಅಜ್ಜಿ.

“ಏ ಜೊಮ್‌ಸುನ್, ಜೋರಾಗಿ ಉಜ್ಜೇ. ಕೈಯಲ್ಲಿ ಶಕ್ತಿ ಇಲ್ವಾ?”

“ಇನ್ನೂ ಉಜ್ಜಿದ್ರೆ ಮೂಳೆ ಬರುತ್ತೆ ಅಜ್ಜಿ. ಸುಮ್ನೆ ಮಲ್ಕೊಳ್ಳಿ.”

ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಗಂಡ ದೋಣಿಯೊಂದಿಗೆ ಸಮುದ್ರದ ಪಾಲಾದ ವರ್ಷ ಈ ಕೈಗವಸು ತೊಟ್ಟವರು. ಆಗ ಹೊಸ ವರ್ಷದ ಹಬ್ಬದ ಹಿಂದಿನ ದಿನ ಸಾಲು ಬೀದಿಯವರೆಗೂ ಬೆಳೆಯುತ್ತಿತ್ತು. ದಿನಕ್ಕೆ ನಲವತ್ತು ಬೆನ್ನು. ಅಳುವ ಹೆಣ್ಣುಮಕ್ಕಳನ್ನು ಹಿಡಿದು ಉಜ್ಜುವ ತಾಯಂದಿರು, ಬೇಯಿಸಿದ ಮೊಟ್ಟೆಯ ಸಿಪ್ಪೆ, ಬಾಳೆಹಣ್ಣಿನ ಹಾಲು, ಹೊಗೆಯಂಥ ಹಬೆಯ ನಡುವೆ ನಗು. ಯಾರ ಮನೆಯ ಸುದ್ದಿಯೂ ಆ ತೊಟ್ಟಿಯಲ್ಲಿ ಗುಟ್ಟಾಗಿ ಉಳಿಯುತ್ತಿರಲಿಲ್ಲ, ಗಂಡನ ಹೊಡೆತದ್ದೊಂದನ್ನು ಬಿಟ್ಟು.

“ಹಬೆಯಲ್ಲಿ ಎಲ್ಲಾ ಕಾಣೋದು. ಯಾರೂ ಬಾಯಿ ಬಿಡ್ತಿರ್ಲಿಲ್ಲ,” ಎನ್ನುತ್ತಾರೆ ಜೊಮ್‌ಸುನ್. ಶುರುವಿನ ದಿನಗಳಲ್ಲಿ ನೂಡಲ್ ಅಂಗಡಿಯ ಹೆಂಗಸೊಬ್ಬಳು ನೀಲಿಗಟ್ಟಿದ ಬೆನ್ನು ತೋರಿಸಿ ಅತ್ತಿದ್ದಳು. “ಮಕ್ಕಳ ಮುಖ ನೋಡ್ಕೊಂಡು ತಾಳ್ಕೊ ಅಂದೆ. ನನ್ನ ಬಾಯಿಂದ್ಲೇ ಬಂತು ಆ ಮಾತು. ಆಮೇಲೆ ಅವಳು ಬರ್ಲೇ ಇಲ್ಲ. ಏನಾದ್ಲೋ, ಇವತ್ತಿಗೂ ಗೊತ್ತಿಲ್ಲ.”

ಹದಿನೆಂಟು ವರ್ಷದ ಹಿಂದೆ ಮಿರಾನ್ ಬಂದಾಗ ಅವರು ಆ ಮಾತು ಆಡಲಿಲ್ಲ. ಮಿರಾನ್ ಎಂಬುದು ನಿಜ ಹೆಸರಲ್ಲ. ಪ್ರತಿ ಗುರುವಾರ ಏಳು ವರ್ಷದ ಮಗಳೊಂದಿಗೆ ಬರುತ್ತಿದ್ದಳು. ಗಂಡ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ. ಅರ್ಧ ಗಂಟೆ ದಾಟಿದರೆ ಚೀಟಿ ಕೊಡುವ ಕಿಟಕಿಗೆ ಫೋನು ಬರುತ್ತಿತ್ತು. ಅವಳ ಗುರುತಿನ ಚೀಟಿ ಅವನ ಜೇಬಿನಲ್ಲಿ, ತವರಿಗೆ ಮಾತಾಡಬೇಕಾದರೂ ಅವನ ಅಪ್ಪಣೆ. ಒಂದು ಗುರುವಾರ ಜೊಮ್‌ಸುನ್ ನೀರಿನ ಬೋಗುಣಿ ಎತ್ತಿದಾಗ ಅವಳು ಥಟ್ಟನೆ ಮುಖಕ್ಕೆ ಕೈ ಅಡ್ಡ ಹಿಡಿದಳು. ತೋಳಿನ ಒಳಬದಿಯಲ್ಲಿ ಕಪ್ಪು ಗುರುತುಗಳು.

“ಮೆಟ್ಟಿಲಿಂದ ಬಿದ್ದೆ ಅಕ್ಕ.”

“ಮೆಟ್ಟಿಲಿಗೆ ಐದು ಬೆರಳು ಇರಲ್ಲ ಕಣೇ. ಮನೆಗೆ ಹೋಗೋಕೆ ಭಯ ಆಗುತ್ತಾ?”

ಮಿರಾನ್ ತೋಳನ್ನು ಮೈಗೆ ಒತ್ತಿಕೊಂಡಳು. ಆಮೇಲೆ, “ನನ್ನದೇ ತಪ್ಪೇನೋ ಅಕ್ಕ,” ಅಂದಳು.

“ತಪ್ಪು ನಿಂದಲ್ಲ.”

ಬಿಟ್ಟು ಬಾ ಎಂದು ಜೊಮ್‌ಸುನ್ ಅವಸರ ಮಾಡಲಿಲ್ಲ. ಅವಳ ಒಪ್ಪಿಗೆ ಕೇಳಿ, ಕಿಟಕಿಯ ಫೋನಿನಿಂದ 1366 ಮಹಿಳಾ ಸಹಾಯವಾಣಿಗೆ ತಾವೇ ಮಾತಾಡಿದರು. ಮುಂದಿನ ಗುರುವಾರ ಸಲಹೆಗಾರ್ತಿಯೊಬ್ಬಳು ಟವೆಲ್ಲು, ಬೋಗುಣಿ ಹಿಡಿದು ಗಿರಾಕಿಯಂತೆ ಬಂದು ತೊಟ್ಟಿಯಲ್ಲಿ ಮಿರಾನ್ ಪಕ್ಕವೇ ಕೂತಳು. ಕತ್ತಿನವರೆಗೆ ನೀರಿನಲ್ಲಿ ಕೂತು ಇಬ್ಬರೂ ಮಾತಾಡಿದರು. ಏಟಿನ ಗುರುತುಗಳಿಗೆ ವೈದ್ಯರ ಚೀಟಿ ಬೇಕು, ಗುಟ್ಟಿನ ಆಶ್ರಯಮನೆಯಲ್ಲಿ ಮಗುವಿಗೂ ಜಾಗ ಇದೆ, ಹೊರಡುವ ವಿಷಯ ಜಗಳದಲ್ಲೂ ಬಾಯಿಗೆ ಬರಬಾರದು. ಆಮೇಲೆ ವಾರಕ್ಕಿಷ್ಟರಂತೆ ಸ್ನಾನದ ಬುಟ್ಟಿಯ ತಳದಲ್ಲಿ ಮಗುವಿನ ಬಟ್ಟೆ, ಶಾಲೆಯ ಕಾಗದ ಬಂದವು. ಎಲ್ಲವನ್ನೂ ಜೊಮ್‌ಸುನ್ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಐದನೆಯ ಗುರುವಾರ ತಾಯಿ ಮಗಳು ಬಾಯ್ಲರ್ ಕೋಣೆಯ ಹಿಂಬಾಗಿಲಿನಿಂದ ಸಲಹೆಗಾರ್ತಿಯ ಕಾರು ಹತ್ತಿದರು. ಮುಕ್ಕಾಲು ಗಂಟೆಯಾದ ಮೇಲೆ ಗಂಡ ಒಳನುಗ್ಗಿದ. ಹೆಂಗಸರ ಕಡೆಯ ಪರದೆಯ ಮುಂದೆ ಜೊಮ್‌ಸುನ್ ಒದ್ದೆ ಮೈಯಲ್ಲೇ ನಿಂತರು.

“ನನ್ನ ಹೆಂಡ್ತಿನ ಕರಿ!”

“ಒಳಗೆ ಹೆಂಗಸ್ರು ಸ್ನಾನ ಮಾಡ್ತಿದಾರೆ. ಕಾಲಿಡಪ್ಪ ನೋಡೋಣ. ಬಂದರಿನ ಮೀನುಗಾತಿಯರೆಲ್ಲ ಇಲ್ಲೇ ಇದಾರೆ.”

ಪರದೆಯ ಹಿಂದೆ ಏಳೆಂಟು ಹೆಂಗಸರು ಬೋಗುಣಿ ಹಿಡಿದು ಎದ್ದು ನಿಂತಿದ್ದರು. ಅವನು ಬೈಯುತ್ತಲೇ ಹಿಂದೆ ಸರಿದ. ಆ ಹೊತ್ತಿಗೆ ಕಾರು ಊರು ದಾಟಿತ್ತು. ಅವನು ಹತ್ತಿರ ಸುಳಿಯದಂತೆ ನ್ಯಾಯಾಲಯದ ಆದೇಶ ಬಂತು. ಮರುವರ್ಷ ವಿಚ್ಛೇದನವೂ ಆಯಿತು. ಆ ಸಲದ ಹೊಸ ವರ್ಷದ ಹಬ್ಬಕ್ಕೆ ಮಿರಾನ್ ಫೋನು ಮಾಡಿದಳು. “ಯಾವ ಊರು ಅಂತ ನಾನು ಕೇಳ್ಲಿಲ್ಲ. ಗೊತ್ತಿದ್ರೆ ತಾನೆ ಬಾಯಿಗೆ ಬರೋದು?” ಎನ್ನುತ್ತಾರೆ ಜೊಮ್‌ಸುನ್.

ಆಮೇಲೆ ಹೀಗೆ ಹನ್ನೊಂದು ಹೆಂಗಸರು ದಾರಿ ಕಂಡುಕೊಂಡರು. ಅವರಲ್ಲಿ ಇಬ್ಬರು ಗಂಡನ ಮನೆಗೆ ಮರಳಿದರು. “ಮರಳಿದ್ರೂ ಬೈಬಾರ್ದು. ಬೈದ್ರೆ ಮತ್ತೆ ಹೇಳೋಕೆ ಬರಲ್ಲ.” ಆ ಇಬ್ಬರಲ್ಲೊಬ್ಬಳು ಮತ್ತೆ ಜೊಮ್‌ಸುನ್ ಬಳಿ ಬಂದಳು, ಈ ಸಲ ಗಂಡನ ಮನೆಗೆ ಮರಳಲಿಲ್ಲ.

ಈಗ ಮನೆಮನೆಯಲ್ಲೂ ಬಿಸಿನೀರು. ದಿನಕ್ಕೆ ಆರೇಳು ಬೆನ್ನು ಸಿಕ್ಕರೆ ಹೆಚ್ಚು. ಸ್ನಾನದ ಮನೆ ಮುಚ್ಚಿ ಜಾಗವನ್ನು ಕಾರು ನಿಲ್ಲಿಸಲು ಕೊಡುವ ಯೋಚನೆ ಮಾಲೀಕರದು. ಅಜ್ಜಿಯ ಬೆನ್ನಿಗೆ ಕೊನೆಯ ಬೋಗುಣಿ ನೀರು ಸುರಿದು ಜೊಮ್‌ಸುನ್ ಸೊಂಟ ನೇರ ಮಾಡುತ್ತಾರೆ.

“ಮುಚ್ಚಿದ್ರೆ ಮುಚ್ಲಿ, ನಂಗೂ ವಯಸ್ಸಾಯ್ತು. ಆದ್ರೆ ಗಂಡ ಹಿಂದೆ ಬರೋಕಾಗದಂಥ ಒಂದು ಜಾಗ ಈ ಬೀದೀಲಿ ಇರ್ಬೇಕು. ಒಂದೇ ಒಂದು ಕೋಣೆ ಸಾಕು. ಕೇಳೋಕೆ ಅಲ್ಲಿ ಒಬ್ಬಳು ಹೆಂಗಸು ಕೂತಿರ್ಲಿ.”